ಅಮ್ಮನಿಗೆಂದು ಪಡೆದ ವೀಲ್‌ಚೇರ್

ನಮ್ಮ ಮನೆಯಲ್ಲಿ ಎಲ್ಲರ ಆರೋಗ್ಯದ ಉಸ್ತುವಾರಿ ನನ್ನದು ಎಂದು ಯಾವ ಕಾಲದಲ್ಲೋ ತೀರ್ಮಾನಿಸಿಕೊಂಡುಬಿಟ್ಟಿದ್ದೆ. ಆ ಹುದ್ದೆಗೆ ನನ್ನನ್ನು ಯಾರೂ ನೇಮಿಸಿರಲಿಲ್ಲ. ಶಿಡ್ಲಘಟ್ಟದಲ್ಲಿ ಮನೆ, ದಿಬ್ಬೂರಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರ ಕೆಲಸ. ದಿನವಿಡೀ ಮಕ್ಕಳಿಗೆ ಬುದ್ಧಿ ಹೇಳಿ ಅಭ್ಯಾಸವಾದ ಬಾಯಿ ಮನೆಗೆ ಬಂದ ಮೇಲೂ ಸುಮ್ಮನಿರುತ್ತಿರಲಿಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮೊದಲು ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಹೆಂಡತಿಗೆ ಬಿಸಿಲು ತಾಗಿದರೆ ಅರೆತಲೆನೋವು. ಮಗಳಿಗೆ ಬಸ್ಸು ಹತ್ತಿದರೆ ವಾಂತಿ. ಇವರ ನಡುವೆ ನಾನೊಬ್ಬನೇ ಗಟ್ಟಿಮುಟ್ಟು ಎಂಬುದು ನನ್ನ ಅಭಿಪ್ರಾಯ. ವೈದ್ಯರ ಅಭಿಪ್ರಾಯವನ್ನು ನಾನು ಕೇಳಿರಲಿಲ್ಲ.

ಮಗಳು ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಬಂದವಳೇ ಬೆಂಗಳೂರಿನಾಚೆಯ ದೊಡ್ಡ ಅಮ್ಯೂಸ್‌ಮೆಂಟ್ ಪಾರ್ಕಿಗೆ ಕರೆದುಕೊಂಡು ಹೋಗಬೇಕೆಂದು ಹಟ ಹಿಡಿದಳು. ಅಮ್ಮನನ್ನು ಕೆಂಚಾರ್ಲಹಳ್ಳಿಯ ನನ್ನ ಮಾವನ ಮನೆಯಲ್ಲಿ ಒಂದು ದಿನದ ಮಟ್ಟಿಗೆ ಬಿಡೋಣ ಎಂದುಕೊಂಡೆ. ಅಮ್ಮನಿಗೆ ಅದು ಸರಿಬರಲಿಲ್ಲ.

"ನಾನೂ ಬರ್ತೀನಿ ಕಣೋ. ಅದೇನೋ ನೀರಾಗೆ ದೋಣಿ ಜಾರ್ತದಂತಲ್ಲ, ಟೀವೀಲಿ ತೋರ್ಸಿದ್ರು."

"ಅಮ್ಮ, ಅದೆಲ್ಲಾ ನಿನ್ನ ಕೈಲಾಗಲ್ಲ. ಬಂದರೂ ನೆರಳಲ್ಲಿ ಕೂತಿರಬೇಕು."

"ಕೂತ್ಕೊಳಕ್ಕೆ ಅಷ್ಟು ದೂರ ಯಾಕಪ್ಪಾ ಹೋಗ್ಬೇಕು? ಇಲ್ಲೇ ಜಗುಲಿ ಐತಲ್ಲ."

ಹೀಗೆ ನಾಲ್ವರೂ ಹೊರಡುವುದೆಂದಾಯಿತು. ಹಿಂದಿನ ದಿನ ಎಲ್ಲರನ್ನೂ ಕೂರಿಸಿಕೊಂಡು ಒಂದು ಭಾಷಣ ಮಾಡಿದೆ. ಇನ್ಸುಲಿನ್ ತಂಪಾಗಿರಬೇಕು, ಆದರೆ ಐಸು ನೇರವಾಗಿ ತಾಗಬಾರದು. ಆದ್ದರಿಂದ ಬಟ್ಟೆಯಲ್ಲಿ ಸುತ್ತಿ ಫ್ಲಾಸ್ಕಿನಲ್ಲಿಡಬೇಕು ಎಂದು ವಿವರಿಸಿದೆ. ಇಷ್ಟು ವರ್ಷಗಳಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿರುವ ಅಮ್ಮ ಆಕಳಿಸುತ್ತಾ ಕೇಳಿಸಿಕೊಂಡರು. ವಾಂತಿ ಮಾತ್ರೆ, ತಲೆನೋವಿನ ಮಾತ್ರೆ, ಗ್ಲೂಕೋಸ್ ಪುಡಿ, ಬ್ಯಾಂಡೇಜು, ನಿಂಬೆಹಣ್ಣು ಎಲ್ಲ ಸೇರಿ ಒಂದು ಚೀಲವೇ ಆಯಿತು. "ರೀ, ಪಾರ್ಕಿಗೆ ಹೋಗ್ತಿದ್ದೀವಾ, ಹೆಲ್ತ್ ಕ್ಯಾಂಪ್ ಮಾಡ್ತಿದ್ದೀವಾ?" ಎಂದಳು ಹೆಂಡತಿ.

ಬಾಡಿಗೆ ಕಾರಿನಲ್ಲಿ ಮೇಲೂರು ದಾಟುವಷ್ಟರಲ್ಲೇ ಮಗಳ ಕೈಗೆ ಮಾತ್ರೆ ಕೊಟ್ಟು ನುಂಗಿಸಿದೆ. ದಾರಿಯುದ್ದಕ್ಕೂ ಹಿಂದೆ ತಿರುಗಿ ತಿರುಗಿ "ಹೇಗಿದೆಯಮ್ಮ? ಸಂಕಟ ಆಗ್ತಿದೆಯಾ?" ಎಂದು ವಿಚಾರಿಸಿದೆ. ದೇವನಹಳ್ಳಿಯ ಹತ್ತಿರ ಅವಳು, "ಅಪ್ಪಾ, ನೀನು ಕೇಳ್ದಾಗ ಮಾತ್ರ ಆಗ್ತಿದೆ" ಎಂದಳು.

ಪಾರ್ಕಿನ ಬಾಗಿಲಲ್ಲಿ ಚೀಲ ತಪಾಸಣೆ. ಅಮ್ಮನಿಗೆಂದು ಕಟ್ಟಿಸಿಕೊಂಡಿದ್ದ ರಾಗಿರೊಟ್ಟಿ, ಹೆಸರುಕಾಳಿನ ಪಲ್ಯದ ಡಬ್ಬಿಯನ್ನು ಸೆಕ್ಯೂರಿಟಿಯವನು ಎತ್ತಿ ಹಿಡಿದು, "ಹೊರಗಿನ ಊಟ ಬಿಡಲ್ಲ ಸಾರ್" ಎಂದ. ಇಂಥ ಸಂದರ್ಭಕ್ಕೇ ಕಾದಿದ್ದವನಂತೆ ನಾನು ಗಂಟಲು ಸರಿಪಡಿಸಿಕೊಂಡೆ.

"ವಯಸ್ಸಾದ ತಾಯಿಯ ಆಹಾರವನ್ನು ತಡೆಯುವ ಅಧಿಕಾರ ನಿಮಗೆ ಯಾರು ಕೊಟ್ಟರು? ಬದುಕುವ ಹಕ್ಕು ಅನ್ನುವುದೊಂದು ಸಂವಿಧಾನದಲ್ಲಿದೆ, ಗೊತ್ತೇ?"

ನನ್ನ ಹಿಂದಿನ ಸಾಲು ಉದ್ದವಾಗುತ್ತಿತ್ತು. ಯಾರದೋ ಮಗು ಅಳಲು ಶುರುಮಾಡಿತು. ನನ್ನ ಭಾಷಣ ಗ್ರಾಹಕರ ವೇದಿಕೆಯವರೆಗೆ ತಲುಪಿತ್ತು. ಆಗ ಮಗಳು ನನ್ನ ತೋಳು ಎಳೆದು, "ಅಪ್ಪಾ, ಹಿಂದೆ ತಿರುಗಿ ನೋಡಪ್ಪ" ಎಂದಳು.

ತಿರುಗಿದರೆ ನನ್ನ ಬೆನ್ನಿಗೇ ತಾಗಿಕೊಂಡಂತೆ ಆಳೆತ್ತರದ ಫಲಕ. ಮಕ್ಕಳ ಆಹಾರಕ್ಕೂ ರೋಗಿಗಳ ಪಥ್ಯದ ಊಟಕ್ಕೂ ಔಷಧಿಗೂ ಅವಕಾಶವಿದೆ ಎಂದು ಬರೆದಿತ್ತು. ಅದೂ ಕನ್ನಡದಲ್ಲಿ, ದಪ್ಪಕ್ಷರಗಳಲ್ಲಿ, ಒಂದೂ ಕಾಗುಣಿತದ ತಪ್ಪಿಲ್ಲದೆ.

"ಶುಗರ್ ಇದೆ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಸಾರ್" ಎಂದ ಆತ. ಮಾತಿನ ಧಾಟಿಯಲ್ಲಿ ತೆಲುಗಿನ ವಾಸನೆ ಹಿಡಿದ ಅಮ್ಮ, "ವಾಡು ಚಿನ್ನಪ್ಪಟ್ನಿಂಚಿ ಅಂತೇ ನಾಯನಾ" ಎಂದರು. ಅವನು ಚಿಕ್ಕಂದಿನಿಂದಲೂ ಹಾಗೇ ಕಣಪ್ಪ ಎಂದರ್ಥ. ಇಬ್ಬರೂ ಹಳೆಯ ನೆಂಟರಂತೆ ನಕ್ಕರು. ಡಬ್ಬಿ ಒಳಗೆ ಹೋಯಿತು.

ಸೋತ ಮುಖ ಮುಚ್ಚಿಕೊಳ್ಳಲು ಒಂದು ದಾರಿ ಬೇಕಿತ್ತು. ಬಾಗಿಲ ಪಕ್ಕದಲ್ಲೇ ವಯಸ್ಸಾದವರಿಗೆ ವೀಲ್‌ಚೇರ್ ಕೊಡುತ್ತಿದ್ದರು. ತಕ್ಷಣ ಒಂದನ್ನು ಪಡೆದು ತಳ್ಳಿಕೊಂಡು ಬಂದೆ. ಅಮ್ಮ ಅದನ್ನು ಮೇಲಿಂದ ಕೆಳಗೆ ನೋಡಿದರು.

"ಯಾರಿಗೋ ಇದು?"

"ನಿನಗೇ ಅಮ್ಮ. ಒಳಗೆ ಬಹಳ ನಡೆಯೋದಿದೆ."

"ದಿನಾ ಬೆಳಗ್ಗೆ ಕೆರೆ ಏರಿ ತಂಕ ಹೋಗಿ ಬರ್ತೀನಿ. ನೀನು ಹಾಲು ತರಕ್ಕೂ ಗಾಡಿ ತೆಗೀತೀಯ. ನಾನ್ಯಾಕೆ ಇದ್ರಾಗೆ ಕೂರ್ಲಿ?"

ಮಾತು ಮುಗಿಯಿತು. ವೀಲ್‌ಚೇರಿನಲ್ಲಿ ಔಷಧದ ಚೀಲವನ್ನು ಕೂರಿಸಿಕೊಂಡು ನಾನು ಹಿಂದೆ ಹಿಂದೆ ತಳ್ಳಿದೆ. ಅಮ್ಮ ಮೊಮ್ಮಗಳ ಕೈ ಹಿಡಿದು ಮುಂದೆ ನಡೆದರು. ನೀರಿನಲ್ಲಿ ಮೆಲ್ಲಗೆ ಸಾಗುವ ದೋಣಿಯಲ್ಲಿ ಕೂತು, ಸೀರೆಯ ಸೆರಗು ನೆನೆಸಿಕೊಂಡು, ಇನ್ನೊಂದು ಸಲ ಹೋಗೋಣ ಎಂದರು. ಹೆಂಡತಿಗೆ ತಲೆನೋವು ಬರಲಿಲ್ಲ. ಮಗಳಿಗೆ ವಾಂತಿಯಾಗಲಿಲ್ಲ. ನನ್ನ ಚೀಲ ಬಾಯಿ ಬಿಚ್ಚದೆ ಕೂತೇ ಇತ್ತು. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಬೇಸರವೇ ಆಯಿತು.

ಆಮೇಲೆ ಬಂದದ್ದು ಆ ದೊಡ್ಡ ಹಡಗು. ಹಡಗಿನಾಕಾರದ ಉಯ್ಯಾಲೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ತೂಗುತ್ತಾ ಆಕಾಶಕ್ಕೇರುತ್ತದೆ. ಮಗಳು ಹತ್ತಬೇಕೆಂದಳು. ಪಕ್ಕದ ಎಚ್ಚರಿಕೆಯ ಫಲಕವನ್ನು ಈ ಸಲ ನಾನು ಬಿಡಲಿಲ್ಲ. ಹೃದಯದ ತೊಂದರೆ, ರಕ್ತದೊತ್ತಡ ಇರುವವರು ಹತ್ತಬಾರದು ಎಂಬುದನ್ನು ಗಟ್ಟಿಯಾಗಿ, ಸುತ್ತಲಿನವರಿಗೂ ಉಪಯೋಗವಾಗಲೆಂದು ಓದಿ ಹೇಳಿದೆ.

"ರೀ, ನಿಮಗೆ ಬಿಪಿ ಇಲ್ವಾ?" ಎಂದಳು ಹೆಂಡತಿ.

"ನನಗ್ಯಾತರ ಬಿಪಿ?"

"ನೋಡ್ಸಿದ್ದೀರಾ?"

"ಇಲ್ಲದ್ದನ್ನ ಏನು ನೋಡಿಸೋದು?"

ಮಗಳ ಸುರಕ್ಷತೆಗೆಂದು ನಾನೂ ಅವಳ ಪಕ್ಕದಲ್ಲಿ ಕುಳಿತೆ. ಹಡಗು ಮೊದಲು ತೊಟ್ಟಿಲಿನಂತೆ ತೂಗಿತು. "ಇಷ್ಟೇನಾ?" ಎಂದೆ. ಮುಂದಿನ ತೂಗಾಟಕ್ಕೆ ನನ್ನ ಹೊಟ್ಟೆ ಮೇಲೆಯೇ ಉಳಿದು ನಾನು ಮಾತ್ರ ಕೆಳಗೆ ಬಂದೆ. ಅದಾದ ಮೇಲೆ ನಾನು ಏನೇನು ಕೂಗಿದೆನೋ ನೆನಪಿಲ್ಲ. ಮಗಳು ಹೇಳುವ ಪ್ರಕಾರ ಮೊದಲು "ನಿಲ್ಲಿಸಿ" ಎಂದೆನಂತೆ, ಆಮೇಲೆ "ದಯವಿಟ್ಟು ನಿಲ್ಲಿಸಿ" ಎಂದೆನಂತೆ, ಕೊನೆಗೆ ಬರೀ "ಅಮ್ಮಾ" ಎಂದೆನಂತೆ. ಅವಳು ಎರಡೂ ಕೈ ಮೇಲೆತ್ತಿ ನಗುತ್ತಿದ್ದಳು.

ಹೇಗೋ ಇಳಿದೆ. ಕಂಬ ಹಿಡಿದು ನಿಂತೆ; ಕಂಬವೂ ತೂಗುತ್ತಿತ್ತು. ಹೂಕುಂಡದ ಹಿಂದೆ ಹೋಗಿ ಬೆಳಗಿನ ಇಡ್ಲಿಯನ್ನು ಕಕ್ಕಿದೆ. ಕಣ್ಣು ಕತ್ತಲಿಟ್ಟು ಅಲ್ಲೇ ಕುಸಿದೆ. ಎಚ್ಚರ ತಪ್ಪಿರಲಿಲ್ಲ, ಎಲ್ಲ ಕೇಳಿಸುತ್ತಿತ್ತು. ಔಷಧದ ಚೀಲವನ್ನು ಯಾರೋ ದೊಪ್ಪನೆ ಕೆಳಗಿಳಿಸಿದ ಸದ್ದಾಯಿತು. ಹೆಂಡತಿ, ಮಗಳು ಸೇರಿ ನನ್ನನ್ನು ವೀಲ್‌ಚೇರಿಗೆ ಎತ್ತಿ ಹಾಕಿದರು. "ಬಿಡ್ರೇ, ನಾನು ತಳ್ತೀನಿ, ನೀವು ದಾರಿ ಬಿಡಿಸ್ರಿ" ಎಂಬ ಅಮ್ಮನ ದನಿ ಕೇಳಿತು. ಎಪ್ಪತ್ತು ದಾಟಿದ ತಾಯಿ ಐವತ್ತರ ಮಗನನ್ನು ತಳ್ಳಿಕೊಂಡು ಹೋಗುವುದನ್ನು ಜನ ಐಸ್‌ಕ್ರೀಮ್ ತಿನ್ನುವುದನ್ನು ನಿಲ್ಲಿಸಿ ನೋಡಿದರು. ನಾನು ಕಣ್ಣು ಮುಚ್ಚಿಕೊಂಡೆ. ತಲೆಸುತ್ತು ಒಂದು ಕಾರಣ, ಅದೊಂದೇ ಅಲ್ಲ.

ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ನರ್ಸ್ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು. ಇನ್ನೊಮ್ಮೆ ನೋಡಿದಳು.

"ಬಿಪಿ ತುಂಬಾ ಇದೆಯಲ್ಲ ಸಾರ್. ಮಾತ್ರೆ ಯಾವ್ದು ತಗೋತೀರಾ?"

"ನನಗೇನೂ ಇಲ್ಲ."

ನರ್ಸ್ ನನ್ನನ್ನು ಬಿಟ್ಟು ಅಮ್ಮನ ಮುಖ ನೋಡಿದಳು. ಸ್ವಲ್ಪ ಹೊತ್ತು ಮಲಗಿರಬೇಕು, ಮತ್ತೆ ಯಾವುದನ್ನೂ ಹತ್ತಬಾರದು, ಊರಿಗೆ ಹೋದ ಕೂಡಲೇ ಡಾಕ್ಟರಿಗೆ ತೋರಿಸಬೇಕು ಎಂದು ಎಲ್ಲವನ್ನೂ ಅಮ್ಮನಿಗೇ ಹೇಳಿದಳು. ಹೆಂಡತಿಗೂ ಮಗಳಿಗೂ ಅಮ್ಮನೇ ಅಪ್ಪಣೆ ಕೊಟ್ಟರು: "ದುಡ್ಡು ಕೊಟ್ಟು ಒಳಗ್ ಬಂದಿದ್ದೀರಿ, ಹೋಗಿ ಎಲ್ಲಾ ಹತ್ತಿ ಬರ್ರಿ. ಇವನ್ನ ನಾನು ನೋಡ್ಕೋತೀನಿ."

ಊಟದ ಹೊತ್ತಾಗಿತ್ತು. ಅಮ್ಮ ಫ್ಲಾಸ್ಕಿನಿಂದ ಇನ್ಸುಲಿನ್ ತೆಗೆದು, ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿ, ಹೊಟ್ಟೆಗೆ ಚುಚ್ಚಿಕೊಂಡು, ಏನೂ ಆಗಿಲ್ಲವೆಂಬಂತೆ ಡಬ್ಬಿ ಬಿಚ್ಚಿದರು. ರೊಟ್ಟಿ ಮುರಿಯುತ್ತಾ, ನನ್ನ ಕಡೆ ನೋಡದೆ ಮಾತಾಡಿದರು.

"ನಿಮ್ಮಪ್ಪಾನೂ ಇಂಗೇ. ಊರವ್ರಿಗೆಲ್ಲ ಆಸ್ಪತ್ರೆಗೆ ಹೋಗು ಅಂತಿದ್ರು. ತಾವು ಮಾತ್ರ ಹೋಗ್ಲಿಲ್ಲ. ಅವತ್ತು ಕಾಫಿ ಲೋಟ ಹಿಡ್ಕೊಂಡಿದ್ದಂಗೇ ಕೈ ಬಿದ್ದೋಯ್ತು."

ಅಪ್ಪನಿಗೆ ಲಕ್ವ ಹೊಡೆದದ್ದು ನನಗೆ ಗೊತ್ತಿತ್ತು. ಆಗ ನಾನು ಬಿ.ಎಡ್. ಓದುತ್ತಾ ಹಾಸ್ಟೆಲಿನಲ್ಲಿದ್ದೆ. ಲೋಟದ ವಿಷಯ ಮಾತ್ರ ನಾನು ಎಂದೂ ಕೇಳಿರಲಿಲ್ಲ.

"ನೀನು ಅಲ್ಲಿ ಬಿದ್ದಿದ್ದು ನೋಡಿ ನನ್ ಜೀವ ಹೋಯ್ತು ಕಣೋ" ಎಂದರು. ಮುರಿದ ರೊಟ್ಟಿಯ ಒಂದು ಚೂರನ್ನು ನನ್ನ ಕೈಗಿಟ್ಟರು. "ನಾಳೆನೇ ತೋರಿಸ್ತೀನಮ್ಮ" ಎಂದೆ. "ನಾನೂ ಬರ್ತೀನಿ" ಎಂದರು. ನನ್ನನ್ನು ನಂಬಿ ಕಳಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಸಂಜೆ ಹೊರಗೆ ಬರುವ ದಾರಿ ಪಾರ್ಕಿನ ಅಂಗಡಿಯೊಳಗಿಂದಲೇ ಹಾದುಹೋಗುತ್ತಿತ್ತು. ಅಲ್ಲಿ ಏನೂ ಕೊಳ್ಳಬಾರದು, ಅದೇ ಸಾಮಾನು ಗೇಟಿನಾಚೆ ಅಗ್ಗಕ್ಕೆ ಸಿಗುತ್ತದೆ ಎಂದು ಬೆಳಿಗ್ಗೆಯೇ ಅಪ್ಪಣೆ ಹೊರಡಿಸಿದ್ದೆ. ಆದರೆ ಅಂಗಡಿಯ ಮೂಲೆಯ ದೊಡ್ಡ ಪರದೆಯ ಮುಂದೆ ಜನ ನಿಂತು ನಗುತ್ತಿದ್ದರು. ಹಡಗಿನಲ್ಲಿ ಕೂತವರ ಫೋಟೋಗಳು ಒಂದಾದ ಮೇಲೊಂದು ಬರುತ್ತಿದ್ದವು. ಅದರಲ್ಲಿ ನಾನೂ ಇದ್ದೆ. ಬಾಯಿ ಕಿವಿಯಿಂದ ಕಿವಿಗೆ ತೆರೆದಿತ್ತು, ಕಣ್ಣು ಮುಖದೊಳಗೆಲ್ಲೋ ಕಳೆದುಹೋಗಿತ್ತು, ಕನ್ನಡಕ ಹಣೆಗೇರಿತ್ತು. ಎರಡೂ ಕೈಯಿಂದ ಮಗಳ ಜಡೆ ಹಿಡಿದುಕೊಂಡಿದ್ದೆ. ಸುರಕ್ಷತೆಗೆಂದು ಹೋದವನು!

"ನಂಗಿದು ಬೇಕು" ಎಂದಳು ಮಗಳು.

"ಬಹಳ ದುಬಾರಿ" ಎಂದೆ ಬೆಲೆ ನೋಡದೆಯೇ.

ಹೆಂಡತಿ ಬೆಲೆ ನೋಡಿ ಬಂದಳು. ಚೌಕಟ್ಟು ಹಾಕಿದ ದೊಡ್ಡ ಫೋಟೋ ನಿಜವಾಗಿಯೂ ದುಬಾರಿಯೇ ಆಗಿತ್ತು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ, "ಆದ್ರೆ ಕೀ ಚೈನ್ ಅಗ್ಗ ಇದೆ ಕಣ್ರೀ, ಮೂರು ತಗೊಂಡೆ" ಎಂದಳು. ಅಮ್ಮ ತಮ್ಮದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಎಳೇ ಮಗು ಆಗಿದ್ದಾಗ ಸೂಜಿ ಚುಚ್ಸಕ್ಕೆ ಹೋದಾಗಲೂ ಇದೇ ಮುಖ ಮಾಡಿದ್ದ" ಎಂದರು.

ಗೇಟಿನಾಚೆ ನನ್ನ ಮರ್ಯಾದೆ ಉಳಿಸಿಕೊಳ್ಳುವ ಸರದಿ. ರಸ್ತೆಬದಿಯಲ್ಲಿ ಟೋಪಿ ಮಾರುತ್ತಿದ್ದವನ ಹತ್ತಿರ ಚೌಕಾಸಿ ಮಾಡಿ ಕಡುನೀಲಿ ಬಣ್ಣದ ಟೋಪಿಗಳನ್ನು ಕೊಂಡೆ. ಹೆಂಡತಿ, ಮಗಳು ಮುಟ್ಟಿಯೂ ನೋಡಲಿಲ್ಲ. ಅಮ್ಮ, "ನಂಗ್ಯಾಕಪ್ಪಾ ಟೋಪಿ, ಪೊಲೀಸ್ನೋರ ಥರ" ಎಂದರು. ಹಟಕ್ಕೆ ಬಿದ್ದು ನಾನೊಬ್ಬನೇ ಹಾಕಿಕೊಂಡು, ಮುಖದ ಮೇಲೆಳೆದುಕೊಂಡು, ಶಿಡ್ಲಘಟ್ಟದವರೆಗೂ ಬೆವರುತ್ತಾ ನಿದ್ದೆ ಮಾಡಿದೆ.

ಮರುದಿನ ಡಾಕ್ಟರ ಟೋಕನ್ ಸಿಗಬೇಕೆಂದು ಅಮ್ಮ ಸ್ನಾನಕ್ಕೂ ಬಿಡದೆ ಹೊರಡಿಸಿದರು. ನಾನು ಕನ್ನಡಿ ನೋಡಿಕೊಂಡಿರಲಿಲ್ಲ; ಕೆದರಿದ ತಲೆಗೆ ಅದೇ ಟೋಪಿ ಹಾಕಿಕೊಂಡು ಹೋಗಿ ಒಳಗೆ ಹೋದ ಮೇಲಷ್ಟೇ ತೆಗೆದೆ. ಡಾಕ್ಟರು ತಲೆಯೆತ್ತಿ ನೋಡಿದವರೇ ಕುರ್ಚಿಯಿಂದ ಅರ್ಧ ಎದ್ದರು.

"ಇದೇನು ಮೇಷ್ಟ್ರೇ, ಹಣೆಯೆಲ್ಲ ನೀಲಿಗಟ್ಟಿದೆ! ಉಸಿರಾಟ ಸರಿಯಾಗಿದೆಯಾ?"

ನಾನು ಜೋರಾಗಿ ಉಸಿರೆಳೆದು ತೋರಿಸಿದೆ. ಅವರು ಉಗುರು ನೋಡಿದರು, ನಾಲಿಗೆ ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟರು. ಆಮೇಲೆ ಏನೋ ಅನುಮಾನ ಬಂದು ಹತ್ತಿಗೆ ಸ್ಪಿರಿಟ್ ಹಚ್ಚಿ ಹಣೆ ಉಜ್ಜಿದರು. ಹತ್ತಿ ನೀಲಿಯಾಯಿತು, ಹಣೆ ಬೆಳ್ಳಗಾಯಿತು. ಡಾಕ್ಟರು ಹತ್ತಿಯನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದರು.

"ಟೋಪಿ" ಎಂದೆ.

ಅವರು ನಗು ತಡೆದುಕೊಂಡು ಬಿಪಿ ನೋಡಿದರು. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ. ರಕ್ತಪರೀಕ್ಷೆ, ಇಸಿಜಿ ಬರೆದುಕೊಟ್ಟರು. ಉಪ್ಪಿನಕಾಯಿ, ಹಪ್ಪಳ ಬಿಡಿಸಿದರು, ದಿನಕ್ಕೊಂದು ಮಾತ್ರೆ ಶುರುಮಾಡಿದರು. ಇನ್ನೂ ತಡಮಾಡಿದ್ದರೆ ಏನಾಗುತ್ತಿತ್ತೆಂದು ಹೇಳಲು ಹೋದವರು, ನನ್ನ ಮುಖ ನೋಡಿ ಚೀಟಿಯನ್ನು ಕೈಗಿತ್ತರು. ಈಗ ಬೆಳಗ್ಗೆ ಕೆರೆ ಏರಿಯವರೆಗೆ ಅಮ್ಮನ ಜೊತೆ ನಾನೂ ನಡೆಯುತ್ತೇನೆ. ಅವರು ಮುಂದೆ, ನಾನು ಸ್ವಲ್ಪ ಹಿಂದೆ.

ಅವತ್ತು ಚೀಟಿ ಹಿಡಿದು ಹೊರಗೆ ಬಂದಾಗ ಬೆಂಚಿನ ಮೇಲೆ ಕೂತಿದ್ದ ರೋಗಿಗಳೆಲ್ಲ ಒಟ್ಟಿಗೆ ನನ್ನನ್ನೇ ನೋಡಿದರು. ಕೆಲವರ ಮುಖದಲ್ಲಿ ನಗು. ಅಮ್ಮ ಅಷ್ಟರಲ್ಲಿ ಹಡಗಿನಿಂದ ಶುರುಮಾಡಿ ವೀಲ್‌ಚೇರಿನವರೆಗೂ ಹೇಳಿ ಮುಗಿಸಿದ್ದರು. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡಿದ್ದ ಅಜ್ಜರೊಬ್ಬರು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟು, "ಬನ್ನಿ ಮೇಷ್ಟ್ರೇ, ಕೂತ್ಕಳಿ. ಇದು ತೂಗಾಡಲ್ಲ" ಎಂದರು. ನಾನು ಹೋಗಿ ಕುಳಿತೆ.