ಅತ್ತಿಗೆಯ ತಾಲೂಕು

ನಮ್ಮ ಕುಂದಾಪುರ ತಾಲೂಕು ಎಂಥದು ಎಂದು ಯಾರಾದರೂ ಕೇಳಿದರೆ ನಾನು ಅಡುಗೆಮನೆಯಲ್ಲಿ ನಿಂತೇ ಹೇಳಿಬಿಡುತ್ತೇನೆ. ಪಡುಬದಿಯಲ್ಲಿ ಕಡಲು, ಮೂಡುಬದಿಯಲ್ಲಿ ಅಮಾಸೆಬೈಲಿನ ಗುಡ್ಡ, ನಡುವೆ ಹೊಳೆಗಳು. ಸೇತುವೆ ದಾಟಿದಲ್ಲೆಲ್ಲ ಒಂದು ದೇವಸ್ಥಾನ. ಬಸ್ಸಿನಲ್ಲಿ ಕೂತು ಎಲ್ಲದಕ್ಕೂ ಕೈಮುಗಿಯುತ್ತ ಹೋದರೆ ಕಂಡಕ್ಟರನಿಗೆ ಚಿಲ್ಲರೆ ಕೊಡಲಿಕ್ಕೂ ಕೈ ಬಿಡುವಾಗುವುದಿಲ್ಲ.

ಗಡಿ ಎಲ್ಲಿ ಎಂದು ಮಾತ್ರ ಕೇಳಬೇಡಿ. ನನ್ನ ತವರು ಕೊಕ್ಕರ್ಣೆ ನಾನು ಮದುವೆಯಾಗಿ ಬರುವಾಗ ದಕ್ಷಿಣ ಕನ್ನಡದಲ್ಲಿತ್ತು. ತೊಂಬತ್ತೇಳರಲ್ಲಿ ಉಡುಪಿ ಜಿಲ್ಲೆಗೆ ಬಂತು, ಮತ್ತೆ ಬ್ರಹ್ಮಾವರ ತಾಲೂಕಾಯಿತು. ಬಾವಿ ಮಾತ್ರ ಇದ್ದಲ್ಲೇ ಇದೆ, ಅದರಲ್ಲಿ ನೀರೂ ಇದೆ. ದೇವರು ದೊಡ್ಡವನು.

ಕೋಟೇಶ್ವರದ ಗಂಡನ ಮನೆಯಲ್ಲಿ ನಮ್ಮತ್ತೆಗೆ ಈ ಸಮಾಧಾನ ಬರಲಿಲ್ಲ. ಬೈಂದೂರು ಕುಂದಾಪುರದಿಂದ ಬೇರೆಯಾದ ಸುದ್ದಿ ಕೇಳಿದ್ದೇ ಮಂಕಾದರು. ಅವರ ಮಗಳನ್ನು, ಎಂದರೆ ನನ್ನ ಅತ್ತಿಗೆಯನ್ನು, ಕೊಟ್ಟದ್ದು ಅಲ್ಲಿಗೆ.

"ಒಂದೇ ತಾಲೂಕಲ್ ಇರ್ಲಿ ಅಂದೇಳಿ ಕೊಟ್ಟದ್ ಅಲ್ದಾ ನಾನ್? ದೂರದ್ ಸಂಬಂಧ ಎಲ್ಲ ಬಿಟ್ಟೆ. ಈಗ ಕಂಡ್ರೆ ಸರ್ಕಾರದರೇ ಅವ್ಳ್ನ ಆಚಿ ಹಾಕೀರ್" ಎಂದರು.

"ಬೈಂದೂರು ಇದ್ದಲ್ಲೇ ಇತ್ತಲ್ದಾ ಅತ್ತೆ" ಎಂದೆ.

"ನಿಂಗ್ ಎಂತ ಗೊತ್ತಿತ್" ಎಂದು ಬತ್ತಿ ಹೊಸೆಯಲು ಕೂತರು.

ಮಳೆಗಾಲದ ಕೊನೆಗೆ ಸಂಕ್ರಮಣದಿಂದ ಸಂಕ್ರಮಣಕ್ಕೆ ಬರುವ ಸೋಣೆ ತಿಂಗಳಲ್ಲಿ ನಾವು ಹೆಂಗಸರು ಬೆಳಿಗ್ಗೆ ಹೊಸ್ತಿಲು ತೊಳೆದು, ರಂಗೋಲಿ ಇಟ್ಟು, ಸೋಣೆ ಹೂ ಹಾಕಿ ಪೂಜೆ ಮಾಡುವುದುಂಟು. ಅದರಲ್ಲಿ ಒಂದು ದಿನದ ಪೂಜೆ ಅತ್ತಿಗೆಯದು. ಮದುವೆಯಾದ ಮೇಲೂ ವರ್ಷ ತಪ್ಪಿಸದೆ ಬಂದು ತವರಿನ ಹೊಸ್ತಿಲಿಗೆ ಹೂ ಹಾಕಿ ಹೋಗುತ್ತಾರೆ. ಆ ವರ್ಷ ತಿಂಗಳು ಮುಗಿಯುತ್ತ ಬಂದರೂ ಬರಲಿಲ್ಲ. ಹಟ್ಟಿಯಲ್ಲಿ ದನ ಕರು ಹಾಕುವ ದಿನ, ಬಿಟ್ಟು ಬರುವಂತಿಲ್ಲ ಎಂದು ಫೋನು ಮಾಡಿದ್ದರು. ಅತ್ತೆ ನಂಬಲಿಲ್ಲ. ಅವರ ಲೆಕ್ಕದಲ್ಲಿ ಅದು ತಾಲೂಕಿನದೇ ಕೆಲಸ. ಹೈವೇಯಲ್ಲಿ ಬಸ್ಸು ನಿಂತ ಸದ್ದಾದರೆ ಸಾಕು, ಜಗಲಿಗೆ ಬರುತ್ತಿದ್ದರು. ನಾನೂ ದೇವರಿಗೆ ಎರಡು ಹೂ ಹೆಚ್ಚೇ ಏರಿಸಿದೆ. ಒಂದು ಅತ್ತಿಗೆ ಬರಲಿ ಎಂದು, ಇನ್ನೊಂದು ದನಕ್ಕೆ.

ತಿಂಗಳು ಮುಗಿಯುವ ಸಂಕ್ರಮಣದ ಹಿಂದಿನ ಬೆಳಿಗ್ಗೆ ಅತ್ತಿಗೆ ಬಂದರು, ಗಿಣ್ಣಿನ ಹಾಲಿನ ಪಾತ್ರೆ ಹಿಡಿದುಕೊಂಡು. ಅತ್ತೆಯ ಕಣ್ಣು ತುಂಬಿತ್ತು, ಬಾಯಿ ಮಾತ್ರ ಬಿಗಿ. "ಹೊಸ್ಲ್ ಮೆಟ್ಬೇಡ, ದಾಟಿ ಬಾ."

"ತಾಲೂಕೇ ದಾಟ್ಕಂಡ್ ಬಂದೆ ಅಬ್ಬಿ, ಹೊಸ್ಲ್ ದಾಟುಕ್ ಆತಿಲ್ಯಾ?"

ಅತ್ತೆ ನಕ್ಕರು. ತಾಯಿ ಮಗಳು ಕೂತು ಹೊಸ್ತಿಲಿಗೆ ಹೂ ಹಾಕುವಾಗ ನಾನು ಗಿಣ್ಣು ಬೇಯಲಿಟ್ಟೆ. ತಾಲೂಕಿಗೆ ಗಡಿ ಹಾಕಿದವರು ಅಲ್ಲೂ ನಾಲ್ಕು ಸೋಣೆ ಹೂ ಇಟ್ಟಿದ್ದರೆ ಅತ್ತೆ ಅಷ್ಟು ಹೆದರುತ್ತಿರಲಿಲ್ಲವೇನೋ.