ಬೇರೆ ಕೈಯ ತುತ್ತು

ಹೋದ ತಿಂಗಳು ನೆಲಮಂಗಲದ ಹೆದ್ದಾರಿ ಬದಿಯ ಹೋಟೆಲಿನಲ್ಲಿ ಊಟಕ್ಕೆ ಕುಳಿತಿದ್ದೆ. ಎದುರು ಮೇಜಿನಲ್ಲಿದ್ದ ಲಾರಿ ಡ್ರೈವರ್ ಬಿಸಿ ಮುದ್ದೆ ಮುರಿದ. ಬೆಂದ ರಾಗಿಯ ವಾಸನೆ ಆವಿಯ ಜೊತೆ ನನ್ನ ಕಡೆ ಬಂತು. ಅವನು ತುತ್ತನ್ನು ಸಾರಿನಲ್ಲಿ ಅದ್ದಿ, ಬಾಯಿಗಿಡುವ ಮೊದಲು ಒಮ್ಮೆ ಊದಿದ. ರಾಗಿಯ ವಾಸನೆ ನನಗೇನೂ ಹೊಸದಲ್ಲ. ಅವನು ಊದಿದ್ದರಿಂದಲೋ ಏನೋ, ಹೊಸಕೋಟೆಯ ಒಂದು ಜಗಲಿ ನೆನಪಾಯಿತು. ಅಲ್ಲಿ ಕುಳಿತು ಮಗನಿಗೆ ತುತ್ತು ಊದಿ ತಿನ್ನಿಸುತ್ತಿದ್ದ, ನಾನು ಬಾಡಿಗೆಗಿದ್ದ ಮನೆಯ ಓನರ್ ಅಮ್ಮ ನೆನಪಾದರು.

ಊರಿಗೆ ಬಂದು ಆ ಕಾಲದ ನನ್ನ ಡೈರಿಗಳನ್ನು ತಿರುವಿ ನೋಡಿದೆ. ಬಸ್ಸಿನ ಕಾಟ, ಕಾಲೇಜಿನ ಜಗಳ, ಓದಿದ ಪುಸ್ತಕಗಳ ಬಗ್ಗೆ ಪುಟಗಟ್ಟಲೆ ಇದೆ. ಅವರ ಬಗ್ಗೆ ಒಂದು ಸಾಲಿಲ್ಲ. ಹಾಗಾಗಿ ಇದೆಲ್ಲ ನೆನಪನ್ನು ನಂಬಿ ಬರೆಯುತ್ತಿರುವುದು. ಅದನ್ನು ಎಷ್ಟು ನಂಬಬಹುದೋ ತಿಳಿಯದು...

ನಾನು ಆಗಷ್ಟೇ ಎಂ.ಎ. ಮುಗಿಸಿ ಹೊಸಕೋಟೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೆ. ಅವರ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರಿಗೆ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಗ ಹೆಚ್ಚುಕಡಿಮೆ ನನ್ನ ವಯಸ್ಸಿನವನು. ಗಡ್ಡ ಬರುತ್ತಿತ್ತು, ಹೆಗಲು ಅಗಲವಾಗಿತ್ತು. ಆದರೆ ಕಾಲು ನಿಲ್ಲುತ್ತಿರಲಿಲ್ಲ, ಮಾತಿರಲಿಲ್ಲ, ಕೈಗೆ ಹಿಡಿತವಿರಲಿಲ್ಲ. ದಿನವಿಡೀ ಜಗಲಿಯ ಚಾಪೆಯ ಮೇಲೆ ಬೀದಿ ನೋಡುತ್ತಾ ಕೂತಿರುತ್ತಿದ್ದ. ತಾಯಿಯ ಕೈಯಲ್ಲಲ್ಲದೆ ಬೇರೆ ಯಾರ ಕೈಯಲ್ಲೂ ಒಂದು ತುತ್ತನ್ನೂ ತಿನ್ನುತ್ತಿರಲಿಲ್ಲ. ಅದನ್ನು ಅವರು ಬೀದಿಯವರಿಗೆಲ್ಲ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದರು.

ಒಮ್ಮೆ ಅವರಿಗೆ ಪಿತ್ತಕೋಶದ ಆಪರೇಷನ್ ಆಯಿತು. ಮಗನನ್ನು ನೋಡಿಕೊಳ್ಳಲು ನಂದಗುಡಿ ಕಡೆಯ ಹಳ್ಳಿಯಿಂದ ಅವರ ತಮ್ಮ ಮತ್ತು ತಮ್ಮನ ಹೆಂಡತಿ ಬಂದರು. ಮಗ ಹಲ್ಲು ಕಚ್ಚಿ ಕೂತುಬಿಟ್ಟ. ಅನ್ನವಿಲ್ಲ, ಹಾಲಿಲ್ಲ. ನೀರನ್ನೂ ಉಗಿದ. ಸುದ್ದಿ ತಿಳಿದು ಓನರ್ ಅಮ್ಮ ಡಾಕ್ಟರ ಮಾತು ಕೇಳದೆ ಹೊಲಿಗೆಯ ಹೊಟ್ಟೆ ಹಿಡಿದುಕೊಂಡು ಆಟೋದಲ್ಲಿ ಬಂದಿಳಿದರು. ಜಗಲಿಯ ಮೇಲೆಯೇ ಕೂತು ಮೊದಲು ಅವನಿಗೆ ತಿನ್ನಿಸಿದರು. ಅವನು ಗಬಗಬನೆ ನುಂಗುವುದನ್ನು ನೋಡುತ್ತಾ ಅವರ ಮುಖ ಬಿಳಿಚಿಕೊಂಡಿತು. ಅದು ಹೊಲಿಗೆಯ ನೋವಿಗೆ ಎಂದುಕೊಂಡಿದ್ದೆ.

ಕೆಲವು ದಿನ ಕಳೆದ ಮೇಲೆ ನನ್ನನ್ನು ಕೆಳಗೆ ಕರೆದರು.

"ಮೇಷ್ಟ್ರೇ, ಕಾಲೇಜಲ್ಲಿ ಅಷ್ಟ್ ಜನಕ್ಕೆ ಕಲಿಸ್ತೀರ. ನನ್ ಬಂಗಾರಕ್ಕೆ ಒಂದ್ ಪಾಠ ಕಲಿಸ್ಬೇಕು. ಬೇರೆಯೋರ ಕೈಯಲ್ಲಿ ತಿನ್ನೋದು."

ತಮ್ಮ ಹಳೇ ಸೀರೆಯೊಂದನ್ನು ನನ್ನ ಅಂಗಿಯ ಮೇಲೆ ಹೊದಿಸಿದರು. ಅವನಿಗೆ ತಾಯಿಯ ವಾಸನೆ ಸಿಗಲೆಂದು. ನನಗೆ ನಾಚಿಕೆ. ಎದುರು ಮನೆಯಾಕೆ ಗೇಟಿನ ಬಳಿ ನಿಂತು ನಗುತ್ತಿದ್ದರು. "ಇರ್ಲಿ ಬಿಡಿ, ಸೀರೆ ಹೊದ್ದಿದ್ದಕ್ಕೆ ಯಾರೂ ಹೆಣ್ಣು ಕೊಡಲ್ಲ ಅನ್ನಲ್ಲ," ಎಂದು ಓನರ್ ಅಮ್ಮ ನನ್ನ ಬೆನ್ನ ಹಿಂದೆ ಕುಳಿತರು. ನನ್ನ ಮಣಿಕಟ್ಟನ್ನು ತಾವೇ ಹಿಡಿದು ತುತ್ತನ್ನು ಅವನ ತುಟಿಯವರೆಗೆ ಒಯ್ದರು. ಅವನು ಮುಖ ತಿರುಗಿಸಿದ. ಮಾರನೆಯ ದಿನವೂ ಅಷ್ಟೇ. ಬರಬರುತ್ತಾ ಅವರ ಹಿಡಿತ ಸಡಿಲವಾಯಿತು, ಒಂದು ದಿನ ಅವರ ಕೈ ಇರಲೇ ಇಲ್ಲ. ಅವನು ನನ್ನನ್ನೇ ನೋಡುತ್ತಾ ಬಾಯಿ ತೆರೆದ. ನಾನು ತಿರುಗಿ ನೋಡುವಷ್ಟರಲ್ಲಿ ಅವರು ಅಡುಗೆಮನೆಗೆ ಹೋಗಿದ್ದರು. ಅತ್ತರೋ, ಪಾತ್ರೆ ತೊಳೆಯಲು ಹೋದರೋ... ನಲ್ಲಿಯ ಸದ್ದಷ್ಟೇ ಕೇಳಿದ ನೆನಪು.

ಆದರೆ ಎದುರು ಮನೆಯಾಕೆ ತುತ್ತು ಹಿಡಿದಾಗ ಅವನು ಮತ್ತೆ ಹಲ್ಲು ಕಚ್ಚಿದ.

"ಅಯ್ಯೋ ಮಂಕೇ, ನಾನು ತಪ್ ಮಾಡ್ಬಿಟ್ಟೆ," ಎಂದರು ಓನರ್ ಅಮ್ಮ. "ಇವ್ನು ನಿಮ್ಮನ್ನ ಕಲ್ತ, ಅಷ್ಟೇಯ. ನೀವು ನಾಳೆ ಇನ್ನೊಂದೂರಿಗೆ ಹೋಗೋರು."

ಅಲ್ಲಿಂದಾಚೆ ಮಧ್ಯಾಹ್ನದ ಊಟದ ಹೊತ್ತಿಗೆ ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸತೊಡಗಿದರು. ಹೂವಿನವಳು, ಹಾಲಿನವನು, ಕರೆಂಟ್ ಬಿಲ್ ತರುವವನು. "ಕೈ ತೊಳ್ಕೊಂಡು ಒಂದ್ ತುತ್ತು ಕೊಟ್ಟೋಗಪ್ಪಾ, ಪುಣ್ಯ ಬರ್ತದೆ." ಕೆಲವರು ಬೇರೆ ಬೀದಿ ಹಿಡಿದರು. ಹೆಚ್ಚಿನವರು ನಿಂತರು. ಆ ವರ್ಷ ಮುಗಿಯುವ ಹೊತ್ತಿಗೆ ಅವನು ಯಾರು ಕೈ ಎತ್ತಿದರೂ ಹಕ್ಕಿಮರಿಯಂತೆ ಬಾಯಿ ತೆರೆಯುತ್ತಿದ್ದ. ತಾವು ತಿನ್ನಿಸುವುದನ್ನು ಓನರ್ ಅಮ್ಮ ಬಿಟ್ಟುಬಿಟ್ಟರು. ಅವನ ಊಟದ ಹೊತ್ತಿನಲ್ಲಿ ಬಾಗಿಲ ಹಿಂದೆ, ಅವನಿಗೆ ಕಾಣದ ಹಾಗೆ ನಿಂತಿರುತ್ತಿದ್ದರು.

"ಇನ್ ನಾನು ಸತ್ರೂ ಚಿಂತೆಯಿಲ್ಲ ಮೇಷ್ಟ್ರೇ," ಎಂದರು ಒಂದು ದಿನ. ನಗುತ್ತಲೇ ಹೇಳಿದರು. ಅವನು ಅವರ ಕಡೆ ತಿರುಗಿಯೂ ನೋಡಿರಲಿಲ್ಲ.

ನನಗೆ ತುಮಕೂರಿನಲ್ಲಿ ಕೆಲಸ ಸಿಕ್ಕಿ ಹೊರಟೆ. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಮಗನನ್ನು ಅವರ ತಮ್ಮ ನಂದಗುಡಿ ಕಡೆಯ ಹಳ್ಳಿಗೆ ಕರೆದೊಯ್ದಿದ್ದರು. ಒಮ್ಮೆ ನೋಡಲು ಹೋದೆ. ಅವನು ಜಗಲಿಯಲ್ಲಿರಲಿಲ್ಲ. ಒಳಕೋಣೆಯಲ್ಲಿ, ಕಬ್ಬಿಣದ ಜಾಲರಿ ಬಾಗಿಲಿನ ಹಿಂದೆ ಕೂತಿದ್ದ. ಬಾಗಿಲಿಗೆ ಬೀಗವಿತ್ತು. ನನ್ನ ಮುಖ ನೋಡಿಯೇ ತಮ್ಮನ ಹೆಂಡತಿ ಮಾತು ಶುರುಮಾಡಿದರು. ಅವರು ಕೆಟ್ಟವರಲ್ಲ. ಅವನ ಬಟ್ಟೆ ಶುಭ್ರವಾಗಿತ್ತು, ಉಗುರು ಕತ್ತರಿಸಿತ್ತು.

"ಏನ್ ಮಾಡಣ ಸ್ವಾಮಿ? ಯಾರ್ ಕೈ ಎತ್ತುದ್ರೂ ಬಾಯ್ ತೆಗೀತಾನೆ. ಊರ ಐಕ್ಳು ಆಟಕ್ಕೆ ಅಂತ ಸಗಣಿ ಇಟ್ವು. ಇನ್ನೊಂದ್ಸಲ ಸುಣ್ಣ. ನಾಲ್ಗೆಯೆಲ್ಲ ಬೆಂದೋಗಿತ್ತು. ಅತ್ಗೆ ಅದೆಂಗ್ ಕಲಿಸುದ್ರೋ, ಬಿಡ್ಸಾಕೆ ನಮಗೆ ಬತ್ತಾ ಇಲ್ಲ. ಈಗ ಬಾಯ್ ಮುಚ್ಚೋದು ಕಲಿಸ್ತಾ ಇದೀವಿ."

ಹೊರಡುವಾಗ, ಬರುತ್ತೇನೆಂದು ಹೇಳಲು ಜಾಲರಿಯ ಈಚೆಯಿಂದ ಕೈ ಎತ್ತಿದೆ. ಅವನು ಬಾಯಿ ತೆರೆದ. ನಾನು ಕೈ ಕೆಳಗಿಳಿಸಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಇದ್ದ.

ಆಮೇಲೆ ಆ ಕಡೆ ಹೋಗಿರಲಿಲ್ಲ. ನೆಲಮಂಗಲದಿಂದ ಬಂದ ಸಂಜೆ ಫೋನ್ ಮಾಡಿದೆ. ತಮ್ಮನ ಹೆಂಡತಿಯೇ ಎತ್ತಿಕೊಂಡರು. ಅವನು ಹೇಗಿದ್ದಾನೆ ಎಂದು ಕೇಳಿದೆ.

"ಕಲ್ತ ಸ್ವಾಮಿ. ಈಗ ಯಾರ್ ಕೊಟ್ರೂ ಬಾಯ್ ತೆಗಿಯಲ್ಲ."

"ನೀವು ಕೊಟ್ರೆ?"

"ನಾನ್ ಕೊಟ್ರೂ ಅಷ್ಟೇ. ಮೂಗಲ್ಲಿ ಪೈಪ್ ಹಾಕವ್ರೆ. ನಾವ್ ಹೊಡೀಲಿಲ್ಲ ಸ್ವಾಮಿ, ತುಟಿ ಮೇಲೆ ಬೆರಳಿಡ್ತಿದ್ವಿ, ಅಷ್ಟೇಯ..."

ಭಾನುವಾರ ಹೋದೆ. ಕೋಣೆಗೆ ಈಗ ಬೀಗವಿಲ್ಲ, ಅದರ ಅಗತ್ಯವಿಲ್ಲ. ಅನ್ನ ಮೊಸರು ಕಲಸಿ ಒಂದು ಸಣ್ಣ ತುತ್ತು ಮಾಡಿ ಹಿಡಿದೆ. ಅವನು ನನ್ನ ಮುಖವನ್ನು ನೋಡಿದ, ಕೈಯನ್ನು ನೋಡಿದ. ಹಲ್ಲು ಕಚ್ಚಲಿಲ್ಲ, ಮುಖ ತಿರುಗಿಸಲಿಲ್ಲ. ತುಟಿಗಳನ್ನು ಮೆಲ್ಲಗೆ ಒಳಕ್ಕೆಳೆದುಕೊಂಡು ಕೂತ, ಹೇಳಿಕೊಟ್ಟಂತೆ. ಸರಿ ಮಾಡಿದೆನೇ ಎಂದು ಕೇಳುವ ಹಾಗೆ ತಮ್ಮನ ಹೆಂಡತಿಯ ಕಡೆ ನೋಡಿದ. ನನಗೆ ಹಾಗೆ ಕಂಡಿತು. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು.

ಬಾಗಿಲ ಹಿಂದೆ ನಿಂತು ನೋಡಲು ಓನರ್ ಅಮ್ಮ ಇಲ್ಲ. ಒಳ್ಳೆಯದೇ ಆಯಿತು ಅಂದುಕೊಂಡೆ. ತುತ್ತನ್ನು ತಟ್ಟೆಗೆ ಹಾಕಿ ಕೈ ತೊಳೆದೆ.