ಸ್ಟೋರಿನಲ್ಲಿ ಇಲ್ಲದ ಡಿಕ್ಸಿ

ಎಂಬತ್ತರ ದಶಕದಲ್ಲಿ ನಾನು ಸೌದಿಯ ಜುಬೈಲಿನ ಒಂದು ಕ್ಯಾಂಪಿನಲ್ಲಿ ಸ್ಟೋರ್‌ಕೀಪರ್ ಆಗಿದ್ದೆ. ಒಂದು ಬೆಳಿಗ್ಗೆ ಇಂಗ್ಲೆಂಡಿನ ವಯಸ್ಸಾದ ಫೋರ್‌ಮನ್ ಬಂದು, “ಒಂದು ಡಿಕ್ಸಿ ಕೊಡಿ, ಬೇಗ” ಎಂದರು.

ಎಂತದು ಮಾರಾಯ ಈ ಡಿಕ್ಸಿ? ಜನರೇಟರಿನ ಬಿಡಿಭಾಗ ಇರಬೇಕೆಂದುಕೊಂಡು ಗಂಭೀರವಾಗಿ ಹೇಳಿದೆ: “ಸ್ಟಾಕ್ ಇಲ್ಲ ಸರ್. ದಮ್ಮಾಮಿನಿಂದ ತರಿಸಬೇಕು.”

“ಅಲ್ಲಿಯವರೆಗೆ ಚಹಾ ಇಲ್ಲದೆ ನನ್ನ ಜನ ಕೆಲಸ ಮಾಡ್ತಾರಾ?” ಎನ್ನುತ್ತಾ ಒಳಗೇ ನುಗ್ಗಿದವರು, ನನ್ನ ಬೆನ್ನ ಹಿಂದಿದ್ದ ದೊಡ್ಡ ಅಲ್ಯೂಮಿನಿಯಂ ಪಾತ್ರೆಯನ್ನು ಎತ್ತಿಕೊಂಡರು.

“ಅಯ್ಯೋ, ಇದು ನಮ್ಮ ದೇಗ್ಚಿ ಅಲ್ವಾ!” ಎಂದೆ.

ಬೇರೆಯವರಾಗಿದ್ದರೆ ಬೈಯುತ್ತಿದ್ದರು. ಇವರು ಪಾತ್ರೆ ಕೆಳಗಿಟ್ಟು, ಆ ಪದವನ್ನು ನನ್ನಿಂದ ಮತ್ತೆ ಹೇಳಿಸಿದರು.

“ನನ್ನಜ್ಜ ಇಂಡಿಯಾದಲ್ಲಿ ಸಿಪಾಯಿ. ನಿಮ್ಮ ಪದ ನಮ್ಮವರ ಬಾಯಲ್ಲಿ ಡಿಕ್ಸಿ ಆಯ್ತು ಅನ್ನುತ್ತಿದ್ದ. ಕಟ್ಟುಕತೆ ಅಂದುಕೊಂಡಿದ್ದೆ” ಎಂದು ನಕ್ಕರು. “ಪಾತ್ರೆ ನಾನು ಒಯ್ಯುತ್ತೇನೆ. ಪದ ನೀವು ವಾಪಸ್ ಇಟ್ಟುಕೊಳ್ಳಿ.”

ನಮ್ಮದನ್ನು ನಮ್ಮದೆಂದು ಅಷ್ಟು ಖುಷಿಯಿಂದ ಒಪ್ಪಿಕೊಂಡ ಬೇರೆ ಇಂಗ್ಲಿಷರನ್ನು ನಾನು ಕಂಡಿಲ್ಲ.

ವಾಪಸ್ ಬಂದ ಸಾಮಾನನ್ನು ಹಿಂದೆ ಮುಂದೆ ತಿರುಗಿಸಿ ನೋಡುವುದು ಸ್ಟೋರಿನವನ ಅಭ್ಯಾಸ. ಆ ಪದವನ್ನೂ ಹಾಗೇ ನೋಡಿದೆ. ಸ್ವಲ್ಪ ನೆಗ್ಗಿತ್ತು, ಆದರೆ ಎಲ್ಲೂ ತೂತಾಗಿರಲಿಲ್ಲ.